ಮರದ ಮೇಲೆ ನಿಲ್ಲುವ ವಿದ್ಯೆ: ಮಂಜರಾಬಾದಿನ ಮರಗಸಿ

ಹೂಮಳೆ ಮುಗಿದು, ಮುಂಗಾರು ಇನ್ನೂ ಘಟ್ಟ ಹತ್ತದ ದಿನಗಳಲ್ಲಿ ಸಕಲೇಶಪುರದ ತೋಟಗಳಲ್ಲಿ ನಡೆದರೆ ಕತ್ತಿಯ ಸದ್ದು ತಲೆಯ ಮೇಲಿನಿಂದ ಕೇಳುತ್ತದೆ. ಹೆತ್ತೂರು, ಯಸಳೂರು, ಹಾನಬಾಳಿನ ಕಡೆ ಕಾಫಿ ಗಿಡಗಳ ನಡುವೆ ಎದ್ದ ಬಸರಿ, ಅತ್ತಿ, ಹಾಲುವಾಣದ ಮರಗಳಲ್ಲಿ ಆಳುಗಳು ಕೊಂಬೆ ಸವರುತ್ತಿರುತ್ತಾರೆ. ಒಂದು ಕಾಲು ಕವಲಿನಲ್ಲಿ, ಇನ್ನೊಂದು ಏಣಿಯಲ್ಲಿ. ನೆರಳು ಹದ ಮಾಡುವ ಈ ಕೆಲಸಕ್ಕೆ ಇಲ್ಲಿನ ಹೆಸರು ಮರಗಸಿ.

ಮರ ಕಡಿಯುವ ಕಸುಬಿನ ಚರಿತ್ರೆಯನ್ನು ಸಾಮಾನ್ಯವಾಗಿ ಕೊಡಲಿ, ಗರಗಸಗಳ ಕಥೆಯಾಗಿ ಹೇಳಲಾಗುತ್ತದೆ. ಕಡಿಯುವವನ ಕಾಲು ಎಲ್ಲಿ ನಿಂತಿತ್ತು ಎಂಬ ಪ್ರಶ್ನೆಗೆ ಅದರಲ್ಲಿ ಜಾಗವಿಲ್ಲ. ಕೈಯಲ್ಲಿ ಹಿಡಿದ ಉಪಕರಣ ಊರಿಂದ ಊರಿಗೆ ಅಷ್ಟಾಗಿ ಬದಲಾಗದಿದ್ದರೂ ಕಾಲಿಡುವ ರೀತಿ ಬದಲಾಗುತ್ತದೆ. ಮರದಿಂದ ಆ ಊರಿಗೆ ಏನು ಬೇಕಾಗಿತ್ತು ಎಂಬುದು ಅದರಿಂದಲೇ ತಿಳಿಯುತ್ತದೆ.

ಇದಕ್ಕೆ ಅತಿ ಸ್ಪಷ್ಟ ನಿದರ್ಶನ ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಸ್ಪ್ರಿಂಗ್‌ಬೋರ್ಡ್. ಅಲ್ಲಿನ ಡಗ್ಲಾಸ್ ಫರ್, ರೆಡ್‌ವುಡ್ ಮರಗಳ ಬುಡ ವಿಪರೀತ ಉಬ್ಬಿರುತ್ತದೆ. ಬುಡದ ದಿಮ್ಮಿಯಲ್ಲಿ ಎಳೆ ತಿರುಚಿಕೊಂಡಿರುತ್ತದೆ, ಫರ್ ಮರಕ್ಕಾದರೆ ಅಂಟು ಬೇರೆ. ಗರಗಸ ಅಲ್ಲಿ ಸಿಕ್ಕಿಬೀಳುತ್ತದೆ. ಹಾಗಾಗಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ ಕಡಿಯುವವರು ಉಬ್ಬನ್ನು ಬಿಟ್ಟು ಮೇಲಕ್ಕೆ ಹೋದರು. ಕಾಂಡದಲ್ಲಿ ಅಂಗೈಯಗಲದ ಕಚ್ಚು ಕಡಿದು, ತುದಿಗೆ ಕಬ್ಬಿಣದ ಅಂಚು ಕಟ್ಟಿದ ಹಲಗೆಯನ್ನು ಅದರೊಳಗೆ ತುರುಕುತ್ತಿದ್ದರು. ಮೊಳೆಯಿಲ್ಲ, ಹಗ್ಗವಿಲ್ಲ. ಆಳು ಹೊರತುದಿಯಲ್ಲಿ ನಿಂತಾಗ ಅವನದೇ ಭಾರಕ್ಕೆ ಒಳತುದಿಯ ಕಬ್ಬಿಣ ಮೇಲೆದ್ದು ಕಚ್ಚಿನ ಮೇಲ್ಭಾಗವನ್ನು ಕಚ್ಚಿ ಹಿಡಿಯುತ್ತಿತ್ತು. ಇನ್ನೂ ಎತ್ತರ ಬೇಕಿದ್ದರೆ ಆ ಹಲಗೆಯ ಮೇಲೆ ನಿಂತೇ ಮತ್ತೊಂದು ಕಚ್ಚು, ಮತ್ತೊಂದು ಹಲಗೆ. ಮರದ ಎರಡು ಕಡೆ ಇಬ್ಬರು ಹೀಗೆ ನಿಂತು ಉದ್ದನೆಯ ಗರಗಸವನ್ನು ಎಳೆಯುತ್ತಿದ್ದರು. ಮರ ವಾಲಿದಾಗ ಗರಗಸ ಬಿಟ್ಟು ಹಾರಬೇಕು. ವಾಷಿಂಗ್ಟನ್ ರಾಜ್ಯದ ಛಾಯಾಗ್ರಾಹಕ ಡೇರಿಯಸ್ ಕಿನ್ಸೆ ತೆಗೆದ ಚಿತ್ರಗಳಲ್ಲಿ ಈ ಹಲಗೆಗಳನ್ನು ಈಗಲೂ ಕಾಣಬಹುದು. ಎರಡನೆಯ ಮಹಾಯುದ್ಧದ ನಂತರ ಯಂತ್ರದ ಗರಗಸ ಬಂದ ಮೇಲೆ ಹಲಗೆ ಮೂಲೆ ಸೇರಿತು. ಆಸ್ಟ್ರೇಲಿಯಾದಲ್ಲೂ ಇಂಥದೇ ಹಲಗೆಯಿತ್ತು. ಸಿಡ್ನಿಯ ಈಸ್ಟರ್ ಜಾತ್ರೆಯ ಮರ ಕಡಿಯುವ ಪಂದ್ಯಗಳಲ್ಲಿ ಅದು ಈಗಲೂ ಉಳಿದಿದೆ.

ಆಳೆತ್ತರಕ್ಕೂ ಮೀರಿದ ಬೊಡ್ಡೆಯನ್ನು ಕಾಡಿನಲ್ಲೇ ಬಿಟ್ಟುಹೋಗುವ ಈ ಪದ್ಧತಿ ಮರ ಮುಗಿಯುವುದೇ ಇಲ್ಲ ಎಂಬ ನಂಬಿಕೆಯಲ್ಲಿ ಹುಟ್ಟಿದ್ದು. ಮೈಸೂರು ಸೀಮೆಯ ಲೆಕ್ಕ ಬೇರೆಯೇ ಇತ್ತು. ಶ್ರೀಗಂಧ ಇದಕ್ಕೆ ನೇರ ವಿರುದ್ಧದ ಉದಾಹರಣೆ. ಎಣ್ಣೆ ಬೇರಿನಲ್ಲೂ ಇರುವುದರಿಂದ ಅದನ್ನು ಕಡಿಯುವುದಿಲ್ಲ, ಬುಡ ಅಗೆದು ಬೇರುಸಹಿತ ಎಬ್ಬಿಸುತ್ತಾರೆ. ಅಲ್ಲಿ ಆಳು ನಿಲ್ಲುವುದು ನೆಲಕ್ಕಿಂತ ಕೆಳಗೆ, ಗುಂಡಿಯಲ್ಲಿ. ಬೀಟೆ, ಹೊನ್ನೆ, ತೇಗದಲ್ಲೂ ಬೆಲೆಯ ನಾಟಾ ಬುಡದ ಕಡೆಯೇ ಹೆಚ್ಚು, ಹಾಗಾಗಿ ಏಟು ಆದಷ್ಟು ನೆಲಕ್ಕೆ ಹತ್ತಿರ. ಅಮೆರಿಕದವರು ಬಿಟ್ಟುಹೋದ ಭಾಗವೇ ಇಲ್ಲಿನವರಿಗೆ ಮೊದಲು ಬೇಕಾದದ್ದು.

ಆದರೆ ಸಕಲೇಶಪುರದ ಮರದ ಚರಿತ್ರೆಯನ್ನು ತಿರುಗಿಸಿದ್ದು ನಾಟಾ ಅಲ್ಲ, ಕಾಫಿ. ಆಗ ಈ ಸೀಮೆಗೆ ಮಂಜರಾಬಾದು ಎಂದು ಹೆಸರು. 1792ರಲ್ಲಿ ಟಿಪ್ಪು ಕಟ್ಟಿಸಿದ ನಕ್ಷತ್ರಾಕಾರದ ಕೋಟೆಗೆ ಆ ಹೆಸರು ಇಂದಿಗೂ ಇದೆ. 1843ರಲ್ಲಿ ಗ್ರೀನ್ ಎಂಬ ಐರೋಪ್ಯ ದಕ್ಷಿಣ ಮಂಜರಾಬಾದಿನಲ್ಲಿ ತೋಟ ತೆರೆದ. 1850ರ ದಶಕದ ನಡುವೆ ಸ್ಕಾಟ್ಲೆಂಡಿನ ರಾಬರ್ಟ್ ಎಲಿಯಟ್ ಬಂದ. ಹೊಸ ತೋಟಗಾರರಲ್ಲಿ ಹಲವರು ಕಾಡನ್ನು ಬೋಳಿಸಿ, ಸುಟ್ಟು, ಬಿಸಿಲಿಗೇ ಕಾಫಿ ನೆಟ್ಟರು.

ಅದಕ್ಕೆ ಬೆಲೆ ತೆತ್ತದ್ದು 1860ರ ದಶಕದಲ್ಲಿ. ಬಿಳಿ ಕಾಂಡಕೊರಕ ಕೊಡಗು, ಮೈಸೂರು ಸೀಮೆಯ ತೋಟಗಳಿಗೆ ನುಗ್ಗಿತು. ಈ ದುಂಬಿಗೆ ಬಿಸಿಲು ಬೀಳುವ ಕಾಂಡವೇ ಪ್ರಿಯ. ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ, ಮರಿಹುಳು ಒಳಗೆ ಸುರಂಗ ಕೊರೆಯುತ್ತದೆ, ಗಿಡ ಸೊರಗಿ ಒಣಗುತ್ತದೆ. ಇದನ್ನು ತನಿಖೆ ಮಾಡಿದ ವೈದ್ಯಾಧಿಕಾರಿ ಜಾರ್ಜ್ ಬಿಡಿಯ ವರದಿ 1869ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ನೆರಳಿನ ಕೊರತೆಯನ್ನು ಅದು ಎತ್ತಿ ತೋರಿಸಿತು. ಎಲಿಯಟ್ 1894ರ ತನ್ನ ಪುಸ್ತಕದಲ್ಲಿ ನೆರಳಿನ ಪರ ಗಟ್ಟಿಯಾಗಿ ವಾದಿಸಿ, ಬಸರಿ, ಗೋಣಿ, ಅತ್ತಿ ಮರಗಳ ಗುಣವನ್ನು ಕನ್ನಡದ ಹೆಸರುಗಳಿಂದಲೇ ಚರ್ಚಿಸಿದ. ಸ್ಥಳದವರಿಗೆ ಮೊದಲೇ ಗೊತ್ತಿದ್ದ ಮರಗಳು ಅವು. ವಿಲಾಯತಿ ತೋಟಗಾರಿಕೆ ತನ್ನ ಪಾಠವನ್ನು ಊರಿನ ಬಾಯಿಂದ ಕಲಿತ ಅಪರೂಪದ ಪ್ರಸಂಗವಿದು.

ಮರಗಸಿಗೆ ವರ್ಷಾವಧಿ ಕೆಲಸದ ಸ್ಥಾನ ಸಿಕ್ಕಿದ್ದು ಈ ಪಾಠದಿಂದ. ಮರ ಉಳಿಯಬೇಕು, ಆದರೆ ಮುಸುಕಬಾರದು. ನೆರಳು ದಟ್ಟವಾದರೆ ಮಳೆಗಾಲದಲ್ಲಿ ಕೊಳೆರೋಗ, ತೆಳುವಾದರೆ ಕೊರಕ. ಈ ಎರಡರ ನಡುವಿನ ಹದವನ್ನು ಮರದ ಮೇಲೆ ನಿಂತವನ ಕಣ್ಣು ನಿರ್ಧರಿಸುತ್ತದೆ. ಹತ್ತುವ ವಿದ್ಯೆಯಾದರೂ ಕಾಫಿಗಿಂತ ಹಳೆಯದು. ಕೊಟ್ಟಿಗೆಗೆ ಹಾಸಲು, ಗದ್ದೆಗೆ ಗೊಬ್ಬರವಾಗಲು ಸೊಪ್ಪು ಕಡಿದು ತರುವುದು ಮಲೆನಾಡಿನ ಪುರಾತನ ರೂಢಿ. ತೋಟ ಆ ಕಾಲುಗಳನ್ನು ಕೂಲಿಗೆ ಕರೆಯಿತು.

ಅವರ ಏಣಿಯೂ ಗಮನಿಸಬೇಕಾದ ವಸ್ತು. ಒಂಟಿ ಬಿದಿರಿನ ಗಳು, ಪ್ರತಿ ಗೆಣ್ಣಿನಲ್ಲಿ ಕವಲನ್ನು ಗೇಣುದ್ದ ಬಿಟ್ಟು ಸವರಿರುತ್ತಾರೆ. ಅದೇ ಮೆಟ್ಟಿಲು. ಹಗುರ, ಗಿಡಗಳ ನಡುವೆ ನುಸುಳುತ್ತದೆ, ಕಾಂಡಕ್ಕೆ ಆನಿಸಿ ಹಗ್ಗ ಬಿಗಿದರೆ ಸಾಕು. ಸ್ಪ್ರಿಂಗ್‌ಬೋರ್ಡಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ: ಹಲಗೆಗೆ ಕಾಂಡದಲ್ಲಿ ಗಾಯ ಬೇಕು, ಏಣಿಗೆ ಬೇಡ. ಮುಂದಿನ ವರ್ಷವೂ ಹತ್ತಬೇಕಾದ ಮರಕ್ಕೆ ಯಾರೂ ಕಚ್ಚು ಹಾಕುವುದಿಲ್ಲ.

ಮುದಿಯಾದ ಮರವನ್ನು ಉರುಳಿಸಲೇಬೇಕಾದಾಗಲೂ ತೋಟದ ಕ್ರಮ ತಲೆಕೆಳಗು. ರೆಡ್‌ವುಡ್ ಕಾಡಿನಲ್ಲಿ ಮರ ಒಡೆಯದಿರಲೆಂದು ಬೀಳುವ ಜಾಗದಲ್ಲಿ ಕೊಂಬೆ, ಮಣ್ಣಿನ ಹಾಸಿಗೆ ಮಾಡುತ್ತಿದ್ದರು. ಸಕಲೇಶಪುರದಲ್ಲಿ ಕಾಳಜಿ ಕೆಳಗಿನ ಗಿಡದ್ದು. ನೆಟ್ಟ ಕಾಫಿ ಫಸಲು ಕೊಡಲು ಮೂರು ನಾಲ್ಕು ವರ್ಷ ಬೇಕು, ಒಂದು ಕೊಂಬೆ ಬಿದ್ದರೆ ಅದೆಲ್ಲ ಹೋಯಿತು. ಆದ್ದರಿಂದ ಮೊದಲು ಮೇಲೆ ಹತ್ತಿ, ಕೊಂಬೆಗಳನ್ನು ಒಂದೊಂದಾಗಿ ಹಗ್ಗ ಕಟ್ಟಿ ಇಳಿಸಿ, ಬೋಳಾದ ಕಾಂಡವನ್ನು ಕೊನೆಗೆ ದಾರಿಯ ಕಡೆಗೆ ಕೆಡವುತ್ತಾರೆ.

ಈಗ ಹಲವು ತೋಟಗಳಲ್ಲಿ ಎದ್ದು ಕಾಣುವುದು ಸಿಲ್ವರ್ ಓಕ್. ಸ್ಪ್ರಿಂಗ್‌ಬೋರ್ಡಿನ ಸೋದರ ಹಲಗೆ ಬಳಕೆಯಲ್ಲಿದ್ದ ಆಸ್ಟ್ರೇಲಿಯಾದ ಪೂರ್ವ ಭಾಗವೇ ಈ ಮರದ ತವರು. ಬೇಗ ಬೆಳೆಯುತ್ತದೆ, ನೇರ ಕಾಂಡ ಮೆಣಸಿನ ಬಳ್ಳಿಗೆ ಹೇಳಿಮಾಡಿಸಿದಂತಿದೆ. ಕಾನೂನೂ ಒಲಿಯಿತು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಮರ ಕಡಿಯಲು ಅನುಮತಿ ಬೇಕೆಂದಿತು, ಸಿಲ್ವರ್ ಓಕನ್ನು ವಿನಾಯಿತಿಯ ಪಟ್ಟಿಯಲ್ಲಿಟ್ಟಿತು. ಕಾಡುಮರ ಉಳಿಸಲು ಬಂದ ಕಾಯ್ದೆಯಿಂದಲೇ ತೋಟಗಾರನಿಗೆ ಕಾಡುಮರ ಬೆಳೆಸುವುದು ತೊಡಕಾಯಿತು, ಪರದೇಶಿ ಮರ ಸುಲಭವಾಯಿತು. ಇದು ದುಃಖದ ಸಂಗತಿ. ಬಸರಿ, ಅತ್ತಿಗಳ ಹಣ್ಣಿಗೆ ಬರುವ ಮಂಗಟ್ಟೆಗೆ ಸಿಲ್ವರ್ ಓಕಿನಲ್ಲಿ ಏನೂ ಇಲ್ಲ.

ಏಣಿಯೂ ಬದಲಾಗಿದೆ. ಹಲವೆಡೆ ಬಿದಿರಿನ ಜಾಗಕ್ಕೆ ಅಲ್ಯೂಮಿನಿಯಂ ಬಂದಿದೆ. ತೋಟದ ಮೇಲೆ ಹಾದುಹೋಗುವ ವಿದ್ಯುತ್ ತಂತಿಗೆ ಅದು ತಗುಲಿ ಮರಗಸಿಯ ಆಳುಗಳು, ಮೆಣಸು ಕೊಯ್ಯುವವರು ಸತ್ತ ಸುದ್ದಿ ಮಲೆನಾಡಿನ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕೂಲಿ ಇತರ ಕೆಲಸಕ್ಕಿಂತ ಹೆಚ್ಚು, ಆದರೂ ಹತ್ತುವವರು ಸಿಗುವುದು ಕಷ್ಟವಾಗುತ್ತಿದೆ.

ಅಮೆರಿಕದ ಪಶ್ಚಿಮ ಕರಾವಳಿಯ ಕಾಡುಗಳಲ್ಲಿ ಹಳೆಯ ಬೊಡ್ಡೆಗಳ ಎರಡು ಕಚ್ಚುಗಳು ಕಣ್ಣುಗಳಂತೆ ಇನ್ನೂ ನೋಡುತ್ತಿವೆ. ಸಕಲೇಶಪುರದಿಂದ ಆಲೂರಿನ ಕಡೆಗೆ ಹೋಗುವಾಗ ಯಾವುದಾದರೂ ಹಳೆಯ ತೋಟದ ಬಸರಿ ಮರವನ್ನು ತಲೆಯೆತ್ತಿ ನೋಡಬೇಕು. ಸವರಿದ ಕೊಂಬೆಗಳ ಗಾಯ ಮಾಯ್ದು, ಉಬ್ಬಿ, ಗಂಟಿನ ಮೇಲೆ ಗಂಟಾಗಿ ನಿಂತಿರುತ್ತದೆ. ಹೊಸ ಚಿಗುರು ಹೊರಟಿರುವುದು ಆ ಗಂಟುಗಳ ಅಂಚಿನಿಂದಲೇ.