ಉಡುಪಿ ಸೀಮೆಯ ಗೇಣಿಭೂಮಿ

ಘಟ್ಟಕ್ಕೂ ಕಡಲಿಗೂ ನಡುವೆ ಇಕ್ಕಟ್ಟಾಗಿ ಹಬ್ಬಿರುವ ಉಡುಪಿ, ಕಾಪು, ಕಾರ್ಕಳಗಳ ಗದ್ದೆಗಳನ್ನು ಅಲ್ಲಿಯ ಒಕ್ಕಲುಗಳು ನೀರಿನ ಅಳವಿಗನುಸಾರವಾಗಿ ಬೈಲು, ಮಜಲು, ಬೆಟ್ಟು ಎಂದು ಮೂರು ಬಗೆಯಾಗಿ ವಿಂಗಡಿಸಿರುವರು. ನೆಲದ ಗುಣವನ್ನು ಹೀಗೆ ನಿರ್ಣಯಿಸುವುದು ಸುಲಭವಾಗಿದ್ದಿತು. ಅದು ಯಾರದೆಂದು ನಿರ್ಣಯಿಸುವುದು ಮಾತ್ರ ಎಂದೂ ಸುಲಭವಾಗಿರಲಿಲ್ಲ.

ಈ ಸೀಮೆಯನ್ನಾಳಿದ ವೀರಶೈವ ಅರಸರಾದ ಕೆಳದಿಯ ನಾಯಕರಲ್ಲಿ ಶಿವಪ್ಪನಾಯಕನ (1645–1660) ಶಿಸ್ತು ಪ್ರಸಿದ್ಧವಾದುದು. ಭೂಮಿಯ ಸಾರವನ್ನು ಪರೀಕ್ಷಿಸಿ, ಹುಟ್ಟುವಳಿಯ ಮೂರರಲ್ಲೊಂದು ಪಾಲನ್ನು ಅರಮನೆಗೆ ಗೊತ್ತುಪಡಿಸಿದ ಆ ಕ್ರಮದಿಂದ ರೈತನಿಗೆ ತಾನು ತೆರಬೇಕಾದುದೆಷ್ಟೆಂಬುದು ಮೊದಲೇ ತಿಳಿದಿರುತ್ತಿದ್ದಿತು. 1763ರಲ್ಲಿ ಬಿದನೂರು ಹೈದರಾಲಿಯ ವಶವಾಯಿತು. 1799ರಲ್ಲಿ ಕನ್ನಡ ಜಿಲ್ಲೆಯ ಕಲೆಕ್ಟರನಾಗಿ ಬಂದ ತಾಮಸ್ ಮನ್ರೋ ಹಳೆಯ ಲೆಕ್ಕಗಳನ್ನು ಶೋಧಿಸಿ, ಇಲ್ಲಿ ಭೂಮಿಯು ಮಾರಲೂ ಅಡವಿಡಲೂ ಬರುವ ಖಾಸಗಿ ಸ್ವತ್ತಾಗಿರುವುದೆಂದು ಮೇಲಧಿಕಾರಿಗಳಿಗೆ ಬರೆದನು.

ಆದರೆ ಸ್ವತ್ತು ವರ್ಗದಾರನದು, ಬೆವರು ಗೇಣಿದಾರನದು. ಮೂಲಗೇಣಿಯವನಿಗೆ ಗೊತ್ತಾದ ಗೇಣಿಯನ್ನು ತೆತ್ತು ವಂಶಪಾರಂಪರ್ಯವಾಗಿ ಅನುಭವಿಸುವ ಹಕ್ಕಿದ್ದಿತು. ಚಾಲಗೇಣಿಯವನಾದರೋ ಒಡೆಯನ ಚಿತ್ತಕ್ಕೆ ಬಂದಷ್ಟು ಕಾಲ ಮಾತ್ರ ಒಕ್ಕಲು. ಕೊಯ್ಲಾದೊಡನೆ ಅಕ್ಕಿಯ ಮುಡಿಗಳನ್ನು ಕಟ್ಟಿ ಒಡೆಯನ ಅಂಗಳಕ್ಕೆ ಹೊತ್ತೊಯ್ದು ಹಾಕಿದ ಮೇಲೆ ಉಳಿದುದೇ ಅವನ ಮನೆಯ ಊಟ. ಒಡೆಯರೆಂದರೆ ದೊಡ್ಡ ಮನೆತನಗಳಷ್ಟೇ ಅಲ್ಲ. ದೇವಸ್ಥಾನ, ಬಸದಿ, ಮಠಗಳೂ ಒಡೆಯರೇ ಆಗಿದ್ದುವು. ಉಡುಪಿಯ ಅಷ್ಟಮಠಗಳಲ್ಲಿ ನಡೆಯುವ ಅನ್ನದಾನಕ್ಕೆ ಈ ಗೇಣಿಯ ಅಕ್ಕಿಯೇ ಬಹುಮಟ್ಟಿಗೆ ಆಧಾರವಾಗಿದ್ದಿತು. ಧರ್ಮಕಾರ್ಯದ ಅನ್ನವು ಬೇರೊಬ್ಬನ ಗದ್ದೆಯ ದುಡಿಮೆಯಿಂದ ಬಂದುದೆಂಬುದನ್ನು ಮರೆಯುವುದು ನ್ಯಾಯವಲ್ಲ.

ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ ಭೂಸುಧಾರಣಾ ಶಾಸನಕ್ಕೆ ತಿದ್ದುಪಡಿಯಾಗಿ, 1974ನೆಯ ಮಾರ್ಚ್ 1ರಿಂದ ಗೇಣಿಯ ಜಮೀನುಗಳೆಲ್ಲವೂ ಸರಕಾರಕ್ಕೆ ಸೇರಿದುವು. ಉಳುವವನು ಏಳನೆಯ ನಮೂನೆಯಲ್ಲಿ ಅರ್ಜಿಯನ್ನು ಕೊಟ್ಟು ಒಡೆತನವನ್ನು ಬೇಡಬೇಕಾಗಿದ್ದಿತು. ಅದಕ್ಕೆ ಕಡೆಯ ಗಡುವು 1979ನೆಯ ಜೂನ್ 30. ತೀರ್ಪನ್ನು ಕೊಡತಕ್ಕವು ತಾಲೂಕಿನ ಭೂನ್ಯಾಯಮಂಡಳಿಗಳು. ಉಪವಿಭಾಗದ ಅಸಿಸ್ಟೆಂಟ್ ಕಮಿಷನರರು ಅಧ್ಯಕ್ಷರು. ಸರಕಾರವು ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿರಬೇಕೆಂಬುದು ನಿಯಮ. ಆರಂಭದಲ್ಲಿ ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಕಾಗದಪತ್ರಗಳೆಲ್ಲ ಒಡೆಯನ ಪೆಟ್ಟಿಗೆಯಲ್ಲಿ, ಸಾಕ್ಷಿಯೆಲ್ಲ ನೆರೆಯವರ ಬಾಯಲ್ಲಿ ಇದ್ದ ಕಾಲದಲ್ಲಿ ಈ ಏರ್ಪಾಡು ಬಡ ಒಕ್ಕಲಿಗೆ ಎಷ್ಟು ಧೈರ್ಯವನ್ನಿತ್ತಿತೆಂಬುದನ್ನು ಊಹಿಸಬಹುದು. ಆಗಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಈ ಶಾಸನವು ನಡೆದಷ್ಟು ಬಿರುಸಾಗಿ ರಾಜ್ಯದ ಹೆಚ್ಚಿನ ಸೀಮೆಗಳಲ್ಲಿ ನಡೆಯಲಿಲ್ಲ.

ಮಠಮಂದಿರಗಳಿಗೆ ಕಳೆದ ಭೂಮಿಗೆ ಬದಲಾಗಿ ವರ್ಷಾಶನವು ಗೊತ್ತಾಯಿತು. ಅಕ್ಕಿಯ ಬೆಲೆ ಏರುತ್ತ ಹೋಯಿತು, ವರ್ಷಾಶನದ ಹಣವು ಅದರ ಹಿಂದೆ ಓಡಲಾರದೆ ನಿಂತಿತು. ಅನ್ನಛತ್ರಗಳು ಗದ್ದೆಯನ್ನು ಬಿಟ್ಟು ಭಕ್ತರ ಕಾಣಿಕೆಯನ್ನು ನೆಚ್ಚಬೇಕಾಯಿತು. ಆದರೂ ಅನ್ನದಾನವು ನಿಲ್ಲಲಿಲ್ಲ.

ಗದ್ದೆಗಾಗಿ ಈ ಹೋರಾಟವು ನಡೆದಾಗ ಗುಡ್ಡದ ನೆಲವನ್ನು ಕೇಳುವವರು ಕಡಮೆ. ಮಣಿಪಾಲವು ಮುರಕಲ್ಲಿನ ಬೋಳುಗುಡ್ಡವಾಗಿದ್ದಿತು. ಡಾಕ್ಟರ್ ಟಿ. ಎಂ. ಎ. ಪೈಗಳು 1953ರಲ್ಲಿ ಅಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ತರುವಾಯ ಗುಡ್ಡವೇ ಪಟ್ಟಣವಾಯಿತು. 1997ರಲ್ಲಿ ಉಡುಪಿಯು ಪ್ರತ್ಯೇಕ ಜಿಲ್ಲೆಯಾಗಿ, ಮುಂದೆ ಜಿಲ್ಲಾ ಕಚೇರಿಗಳೂ ಆ ಗುಡ್ಡವನ್ನೇ ಏರಿದುವು. ಇತ್ತ ಒಕ್ಕಲುಗಳಿಗೆ ದಕ್ಕಿದ ಬೈಲುಗಳಲ್ಲಿ ಎಷ್ಟೋ ಪಾಲು, ಮಕ್ಕಳು ಮುಂಬಯಿಗೂ ಪರದೇಶಗಳಿಗೂ ಹೋದುದರಿಂದ, ಹಡಿಲು ಬಿದ್ದಿರುವುದು.

ಪೇಟೆಯ ಮೂಲಗೇಣಿಯ ನಿವೇಶನಗಳು ಈ ಶಾಸನಕ್ಕೆ ಒಳಪಡಲಿಲ್ಲ, ಏಕೆಂದರೆ ಅವು ಸಾಗುವಳಿಯ ಭೂಮಿಯಲ್ಲ. ತಲೆಮಾರುಗಳಿಂದ ಮನೆ, ಅಂಗಡಿಗಳನ್ನು ಕಟ್ಟಿಕೊಂಡವರಿಗೆ ನೆಲದ ಒಡೆತನವಿಲ್ಲ; ಒಡೆಯರಿಗೆ ಹಿಂದಿನ ಕಾಲದ ಅಲ್ಪ ಗೇಣಿಯಲ್ಲದೆ ಬೇರೆ ಆದಾಯವಿಲ್ಲ. ಅಂಥವರಿಗೆ ಪರಿಹಾರವನ್ನು ತೆತ್ತು ಒಡೆತನವನ್ನು ಪಡೆಯಲು ಅವಕಾಶ ಕೊಡುವ ಶಾಸನವೊಂದು 2011ರಲ್ಲಿ ಆಯಿತು. ಒಡೆಯರು ಅದನ್ನು ಪ್ರಶ್ನಿಸಿದರು. ವ್ಯಾಜ್ಯವು ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೇರಿತು.