ಜೋಳದ ಮಿಡತೆಯ ಹೆಸರು

ಐದು ವರ್ಷದ ಮೊಮ್ಮಗಳನ್ನು ಬೆಂಗಳೂರಿನ ಜಿಕೆವಿಕೆ ಆವರಣದ ಕೀಟ ಸಂಗ್ರಹಾಲಯಕ್ಕೆ ಕರೆದುಕೊಂಡು ಹೋದದ್ದು ಚಿಟ್ಟೆ ತೋರಿಸೋಣವೆಂದು. ಅವಳ ಕಣ್ಣು ಬಿದ್ದದ್ದು ಮಾತ್ರ ಸೂಜಿಗಳ ಮೇಲೆ. ಗಾಜಿಗೆ ಮೂಗು ಒತ್ತಿ ನಿಂತವಳು, ‘ಅಜ್ಜಾ, ಇವನ್ನೆಲ್ಲ ಯಾರು ಸಾಯಿಸಿದ್ದು? ಏನು ತಪ್ಪು ಮಾಡಿದ್ದವು?’ ಎಂದಳು.

ಸತ್ತಿಲ್ಲ ಪುಟ್ಟಿ, ನಿದ್ದೆ ಮಾಡುತ್ತಿವೆ ಎಂದು ಹೇಳಿಬಿಡಬಹುದಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಅಷ್ಟು ನೇರವಾಗಿ ಕೇಳಿದ ಮಗುವಿಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಎತ್ತಿಕೊಂಡು ಮಿಡತೆಗಳ ಪೆಟ್ಟಿಗೆಯ ಮುಂದೆ ನಿಂತೆ. ನಮ್ಮ ಬಯಲುಸೀಮೆಯ ಜೋಳದ ಮಿಡತೆಯ ಕಥೆ ನನಗೆ ಗೊತ್ತಿತ್ತು.

ಲೆಸ್ಲಿ ಕೋಲ್ಮನ್ ಎಂಬ ಕೆನಡಾ ದೇಶದ ವಿಜ್ಞಾನಿ ಮೈಸೂರು ಸರ್ಕಾರದ ಸೇವೆಗೆ ಬಂದದ್ದು 1908ರಲ್ಲಿ. ಬೆಳೆಗೆ ಬರುವ ರೋಗ, ಬೆಳೆ ತಿನ್ನುವ ಹುಳು ಎರಡನ್ನೂ ನೋಡಿಕೊಳ್ಳುವ ಹೊಣೆ ಅವರದು. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಅವರು ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಕಲಿಸಿಕೊಟ್ಟ ಮಹಾನುಭಾವ. ಬಯಲಿನಲ್ಲಿ ಅವರಿಗೆ ಎದುರಾದದ್ದು ಈ ಮಿಡತೆ. ಇದರ ರೆಕ್ಕೆ ಹೆಸರಿಗಷ್ಟೇ, ಹಾರಲು ಬಾರದು. ಆದರೂ ಗುಂಪಾಗಿ ಬಿದ್ದರೆ ಜೋಳದ ಹೊಲ ಉಳಿಯದು.

ಕೊಲ್ಲುವ ಮೊದಲು ಅದರ ಬದುಕನ್ನು ತಿಳಿಯಬೇಕಾಗಿತ್ತು. ವರ್ಷಕ್ಕೆ ಒಂದೇ ಪೀಳಿಗೆ. ಸುಗ್ಗಿಯ ಹೊತ್ತಿಗೆ ಮಣ್ಣಿನಲ್ಲಿಟ್ಟ ಮೊಟ್ಟೆ ಚಳಿ, ಬೇಸಿಗೆಗಳನ್ನು ಅಲ್ಲೇ ಕಳೆದು ಮುಂಗಾರಿಗೆ ಒಡೆಯುತ್ತದೆ. ಇಷ್ಟು ತಿಳಿದರೆ ರೈತನಿಗೆ ದಾರಿ ಸಿಕ್ಕಿತು: ಕೊಯ್ಲಾದ ಮೇಲೆ ಆಳವಾಗಿ ಉತ್ತರೆ ಮೊಟ್ಟೆಗಳು ಬಿಸಿಲಿಗೂ ಹಕ್ಕಿಗಳಿಗೂ ಸಿಗುತ್ತವೆ. ಕೋಲ್ಮನ್ 1911ರಲ್ಲಿ ಈ ಮಿಡತೆಯ ಮೇಲೆ ಒಂದು ಪುಸ್ತಿಕೆಯನ್ನೇ ಬರೆದರು. ಅದಕ್ಕೂ ಮುಂಚೆ, 1910ರಲ್ಲಿ, ಸ್ಪೇನಿನ ಕೀಟತಜ್ಞ ಇಗ್ನಾಸಿಯೋ ಬೊಲಿವಾರ್ ಅದಕ್ಕೆ ಶಾಸ್ತ್ರದ ಹೆಸರಿಟ್ಟಿದ್ದರು: ಕೋಲ್ಮೇನಿಯಾ ಸ್ಫೆನಾರಿಯಾಯ್ಡಿಸ್. ಬೆಳೆ ಉಳಿಸಲು ಹೊರಟವನ ಹೆಸರು ಬೆಳೆ ತಿನ್ನುವ ಹುಳುವಿಗೆ ಅಂಟಿಕೊಂಡಿತು. ಕೋಲ್ಮನ್ 1954ರಲ್ಲಿ ತೀರಿಕೊಂಡರು. ಹೆಸರು ಮಿಡತೆಯ ಮೇಲೆ ಉಳಿದಿದೆ.

ಇದನ್ನೆಲ್ಲ ಮಗುವಿಗೆ ಹೇಳುವುದು ಹೇಗೆ? ‘ಅವು ತಪ್ಪು ಮಾಡಲಿಲ್ಲ ಕಣೇ. ಅವಕ್ಕೆ ಹಸಿವು, ಜೋಳ ತಿಂದವು. ನಮ್ಮೂರಿನವರಿಗೂ ಹಸಿವು. ಅವು ಹೇಗೆ ಬದುಕುತ್ತವೆ ಅಂತ ತಿಳಿಯೋಕೆ ಕೆಲವನ್ನು ಹಿಡಿದು ಸಾಯಿಸಿದರು, ಹೆಸರಿಟ್ಟರು’ ಎಂದೆ.

ಸ್ವಲ್ಪ ಹೊತ್ತು ಯೋಚಿಸಿದಳು. ‘ಅದಕ್ಕೆ ತನ್ನ ಹೆಸರು ಗೊತ್ತಿತ್ತಾ?’

‘ಇಲ್ಲ.’

‘ಮತ್ತೆ ಯಾರಿಗೆ ಹೆಸರು?’

‘ನಮಗೆ’ ಎಂದೆ. ಕೀಟದ ಕೆಳಗಿನ ಚೀಟಿಯಲ್ಲಿ ಹೆಸರು, ಊರು, ತಾರೀಖು, ಹಿಡಿದವರು ಯಾರು ಎಂದು ಬರೆದಿಡುವುದು ಅದಕ್ಕೇ. ಚೀಟಿ ಇಲ್ಲದಿದ್ದರೆ ಅದು ಬರೀ ಸತ್ತ ಹುಳು. ಕೊಂದದ್ದಕ್ಕೆ ಲೆಕ್ಕ ಒಪ್ಪಿಸುವ ಕಾಗದ ಅದೊಂದೇ ಎಂದು ನನಗೂ ಹೊಳೆದದ್ದು ಆಗಲೇ.

ಹೊರಗೆ ಬಂದಾಗ ಹುಲ್ಲಿನಿಂದ ಒಂದು ಮಿಡತೆ ಚಂಗನೆ ನೆಗೆಯಿತು. ಅವಳು ಅದರ ಹೆಸರು ಕೇಳಿದಳು. ನನಗೆ ಗೊತ್ತಿರಲಿಲ್ಲ.