ಕ್ಯಾಮೆರಾ ಮಸೂರದ ಬಿಗಿ ಉಂಗುರ

ಕೆಲವು ವರ್ಷಗಳ ಹಿಂದೆ ಜಮಖಂಡಿಯಲ್ಲಿ ನನ್ನ ಕೈಗೆ 50 ಮಿ.ಮೀ. ಸಂಗಮದೂರದ ಹಳೆಯ ಕ್ಯಾಮೆರಾ ಮಸೂರವೊಂದು ಬಂತು. ಬಿಂಬವನ್ನು ಸ್ಫುಟಗೊಳಿಸಲು ತಿರುಗಿಸುವ ಅದರ ಉಂಗುರ ಬಿಗಿದುಹೋಗಿತ್ತು. ಬನಹಟ್ಟಿಯ ನೇಕಾರ ಮಿತ್ರರಿಂದ ಮಗ್ಗಕ್ಕೆ ಬಿಡುವ ತೆಳು ಎಣ್ಣೆ ತಂದು ನಾಲ್ಕು ಹನಿ ಬಿಟ್ಟೆ. ಉಂಗುರವೇನೋ ಸಲೀಸಾಗಿ ತಿರುಗಿತು. ಆದರೆ ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಎಣ್ಣೆ ಒಳಕ್ಕೆ ಹರಿದು, ಬೆಳಕಿನ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಅಲಗುಗಳನ್ನು ಒಂದಕ್ಕೊಂದು ಅಂಟಿಸಿತ್ತು. ಸ್ನಿಗ್ಧತೆಯ ಪಾಠ ಮಾಡುವ ನಾನೇ ಅದನ್ನು ಮರೆತಿದ್ದೆ. ಹದವಾದ ಬಿಗಿತ ಆ ಉಂಗುರದ ದೋಷವಲ್ಲ, ಗುಣ.

ಪೆಟ್ಟಿಗೆಯಿಂದ ತಿರುಪಿಗೆ

1839ರ ಡಾಗೇರ್ ಕ್ಯಾಮೆರಾದಲ್ಲಿ ಒಂದರೊಳಗೊಂದು ಜಾರುವ ಎರಡು ಪೆಟ್ಟಿಗೆಗಳಿದ್ದವು. ಅವುಗಳನ್ನು ಸರಿಸಿ ಬಿಂಬವನ್ನು ಸ್ಫುಟಗೊಳಿಸುತ್ತಿದ್ದರು. ಮುಂದೆ ರ‍್ಯಾಕ್-ಪಿನಿಯನ್ ಮತ್ತು ತಿದಿಯಂಥ ಮಡಿಕೆಯ ಕ್ಯಾಮೆರಾಗಳು ಬಂದವು. 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾದಂಥ ಪುಟ್ಟ ಕ್ಯಾಮೆರಾಗಳು ತಿರುಪಿನ ವಿಧಾನವನ್ನು ಜನಪ್ರಿಯಗೊಳಿಸಿದವು.

ಮಸೂರ ಸೂತ್ರದಿಂದ ಲೆಕ್ಕ ಹಾಕಿ ನೋಡಿ. 50 ಮಿ.ಮೀ. ಮಸೂರವು ಅನಂತ ದೂರದಿಂದ 10 ಮೀಟರಿಗೆ ಬರಲು 0.25 ಮಿ.ಮೀ. ಮುಂದೆ ಸರಿದರೆ ಸಾಕು. 1 ಮೀಟರಿಗೆ 2.6 ಮಿ.ಮೀ., ಅರ್ಧ ಮೀಟರಿಗೆ ಸುಮಾರು 5.6 ಮಿ.ಮೀ. ಬೇಕು. ಇಷ್ಟೂ ಚಲನೆ ಅರ್ಧ ಸುತ್ತಿನಲ್ಲಿ ಮುಗಿಯಬೇಕಾದರೆ ತಿರುಪು ಪೂರ್ಣ ಸುತ್ತಿಗೆ ಸುಮಾರು 11 ಮಿ.ಮೀ. ಸಾಗಬೇಕು. ನಮ್ಮ ಪ್ರಯೋಗಾಲಯದ ಸ್ಕ್ರೂಗೇಜ್ ಸಾಗುವುದು ಸಾಮಾನ್ಯವಾಗಿ 1 ಮಿ.ಮೀ. ಮಾತ್ರ. ಆದ್ದರಿಂದ ಮಸೂರದ ಕೊಳವೆಯಲ್ಲಿ ಒಂದೇ ಸುರುಳಿಯ ಬದಲು ಹಲವು ಸುರುಳಿಗಳನ್ನು ಅಕ್ಕಪಕ್ಕ ಕೊರೆಯುತ್ತಾರೆ.

ಗ್ರೀಸಿನ ಕೆಲಸ

ಲೋಹದ ಮೇಲೆ ಲೋಹ ಒಣದಾಗಿ ಉಜ್ಜಿದರೆ ಸ್ಥಿರ ಘರ್ಷಣೆಯು ಚಲನ ಘರ್ಷಣೆಗಿಂತ ಹೆಚ್ಚು. ಉಂಗುರ ಮೊದಲು ಅಲುಗುವುದಿಲ್ಲ, ಅಲುಗಿದೊಡನೆ ಗುರಿ ದಾಟಿ ಜಿಗಿಯುತ್ತದೆ. ಕಾಲು ಮಿಲಿಮೀಟರಿನ ಆಟದಲ್ಲಿ ಈ ಜಿಗಿತ ಚಿತ್ರವನ್ನೇ ಕೆಡಿಸುತ್ತದೆ. ಸುರುಳಿಗಳ ನಡುವೆ ದಪ್ಪ ಗ್ರೀಸ್ ತುಂಬಿದರೆ ಲೆಕ್ಕಾಚಾರವೇ ಬೇರೆ. ದ್ರವದ ಪದರಗಳ ನಡುವಿನ ತಡೆ ವೇಗಕ್ಕೆ ಅನುಪಾತದಲ್ಲಿರುತ್ತದೆ ಎಂಬುದನ್ನು ನ್ಯೂಟನ್ 1687ರಲ್ಲೇ ಊಹಿಸಿದ್ದ. ಗ್ರೀಸ್ ಈ ನಿಯಮವನ್ನು ಪೂರ್ತಿ ಪಾಲಿಸದಿದ್ದರೂ ಮೆಲ್ಲಗೆ ತಿರುಗಿಸಿದರೆ ಹಗುರವಾಗಿ ಸರಿಯುತ್ತದೆ, ರಭಸದಿಂದ ತಿರುಗಿಸಿದರೆ ತಡೆಯುತ್ತದೆ. ಕೈ ಬಿಟ್ಟಾಗ ಘನದಂತೆ ನಿಂತು ಮಸೂರವನ್ನು ಅಲ್ಲೇ ಹಿಡಿದಿಡುತ್ತದೆ. ಸಂಡೂರಿನ ಎಂ. ವೈ. ಘೋರ್ಪಡೆ, ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ ಮುಂತಾದವರು ವನ್ಯಜೀವಿಗಳನ್ನು ಸೆರೆಹಿಡಿಯತೊಡಗಿದ ಕಾಲದಲ್ಲಿ ಬೆರಳ ತುದಿಯ ಈ ಹದವೇ ಆಧಾರವಾಗಿತ್ತು.

ಗ್ರೀಸ್ ಎಂದರೆ ಸಾಬೂನಿನಂಥ ವಸ್ತುವಿನ ಜಾಲದಲ್ಲಿ ಹಿಡಿದಿಟ್ಟ ಎಣ್ಣೆ. ದಶಕಗಳು ಕಳೆದಂತೆ ಎಣ್ಣೆ ಬೇರ್ಪಟ್ಟು ಹರಿಯುತ್ತದೆ, ಆಕ್ಸಿಜನ್ನಿನೊಂದಿಗೆ ವರ್ತಿಸಿ ಅಂಟಾಗುತ್ತದೆ. ಉಳಿದ ಜಾಲ ಒಣಗಿ ಉಂಗುರವನ್ನು ಬಿಗಿಯುತ್ತದೆ. ನಮ್ಮ ಕೃಷ್ಣಾ-ಘಟಪ್ರಭಾ ಬಯಲಿನ 40 ಡಿಗ್ರಿ ದಾಟುವ ಬಿಸಿಲು ಈ ಕ್ರಿಯೆಯನ್ನು ಚುರುಕುಗೊಳಿಸುತ್ತದೆ. ಎರೆಮಣ್ಣಿನ ದೂಳು ಸೇರಿದರೆ ಕೇಳುವುದೇ ಬೇಡ.

ಮೋಟಾರು ಬಂದ ಮೇಲೆ

1985ರ ಮಿನೋಲ್ಟಾ 7000 ಕ್ಯಾಮೆರಾ ಸ್ವಯಂಚಾಲಿತ ಹೊಂದಾಣಿಕೆಯನ್ನು ಜನಪ್ರಿಯಗೊಳಿಸಿತು. ಪುಟ್ಟ ಮೋಟಾರಿಗೆ ದಪ್ಪ ಗ್ರೀಸ್ ಹೊರೆ. ಹಾಗಾಗಿ ಉಂಗುರಗಳು ಹಗುರವಾದವು, ಹಳೆಯ ಹದ ಮರೆಯಾಯಿತು. 2008ರಿಂದ ಕನ್ನಡಿಯಿಲ್ಲದ ಡಿಜಿಟಲ್ ಕ್ಯಾಮೆರಾಗಳು ಬಂದು, ಜೋಡಣೆ ಉಂಗುರದ ನೆರವಿನಿಂದ ಹಳೆಯ ಮಸೂರಗಳು ಮತ್ತೆ ಬಳಕೆಗೆ ಬಂದಿವೆ.

ಶಿಕ್ಷಕರಿಗೊಂದು ಸೂಚನೆ: ಉಂಗುರಕ್ಕೆ ದಾರ ಸುತ್ತಿ ತೂಕ ಕಟ್ಟಿ, ಅದು ಕಾಲು ಸುತ್ತು ತಿರುಗುವ ಸಮಯವನ್ನು ಮುಂಜಾನೆಯ ತಂಪಿನಲ್ಲೂ ಮಧ್ಯಾಹ್ನದ ಸೆಕೆಯಲ್ಲೂ ಅಳೆಯಿರಿ. ಉಷ್ಣತೆಯೊಡನೆ ಸ್ನಿಗ್ಧತೆ ಬದಲಾಗುವುದನ್ನು ವಿದ್ಯಾರ್ಥಿಗಳು ಕಣ್ಣಾರೆ ಕಾಣುತ್ತಾರೆ. ಕಾಲೇಜಿನ ಸ್ಪೆಕ್ಟ್ರೋಮೀಟರ್, ಚಲಿಸುವ ಸೂಕ್ಷ್ಮದರ್ಶಕಗಳ ತಿರುಪುಗಳೂ ಹೀಗೆಯೇ ಬಿಗಿಯುತ್ತವೆ. ಆಗ ಎಣ್ಣೆ ಡಬ್ಬಿಗೆ ಕೈ ಹಾಕಬೇಡಿ. ಬಲ್ಲವರಿಂದ ಬಿಚ್ಚಿಸಿ, ಹಳೆಯದನ್ನು ತೊಳೆಸಿ, ತಕ್ಕ ಗ್ರೀಸ್ ಹಾಕಿಸಿ. ನನ್ನ ಮಸೂರದ ಅಂಟಿದ ಅಲಗುಗಳನ್ನು ಈಗಲೂ ತರಗತಿಯಲ್ಲಿ ತೋರಿಸುತ್ತೇನೆ.